ಬರೆದೂ ಪಾಸಾದವಳು

ನಾನು ಎರಡನೇ ಪಿಯುಸಿ ಪರೀಕ್ಷೆ ಬರೆಯದೆ ಪಾಸಾದೆ. ಆಮೇಲೆ ಬರೆದೂ ಪಾಸಾದೆ. ಮೊದಲನೆಯದನ್ನು ಎಲ್ಲರೂ ನಂಬುತ್ತಾರೆ. ಎರಡನೆಯದನ್ನು ನಂಬುವವರು ನಮ್ಮ ಮನೆಯವರನ್ನು ಬಿಟ್ಟರೆ ಇನ್ನೂ ಸಿಕ್ಕಿಲ್ಲ. ನಮ್ಮಣ್ಣನೂ ಮೊದಮೊದಲು ನಂಬಿರಲಿಲ್ಲ.

ನಮ್ಮೂರು ಬಿಂಡಿಗನವಿಲೆಗೆ ಹತ್ತಿರ. ರಾಗಿ, ಹುರುಳಿ, ಒಂದಿಷ್ಟು ಕುರಿ, ಡೇರಿಗೆ ಹಾಲು, ಇಷ್ಟರಲ್ಲೇ ಮನೆ ನಡೆಯುತ್ತಿತ್ತು. ಕಾಲೇಜು ನಾಗಮಂಗಲದಲ್ಲಿ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದೆ. ಕೊರೊನಾ ಕಾಯಿಲೆ ಬಂದು ಬಸ್ಸು ನಿಂತಿತು, ಕಾಲೇಜೂ ನಿಂತಿತು. ಅಣ್ಣ ಲಗ್ಗೇಜ್ ಆಟೊ ಓಡಿಸುತ್ತಿದ್ದವನು. ಬಾಡಿಗೆ ಇಲ್ಲದೆ ಆಟೊ ಹುಣಸೆ ಮರದಡಿ ನಿಂತಿತ್ತು. ಹಾಗಾಗಿ ಅವನ ಫೋನು ನನ್ನ ಪಾಠಕ್ಕೆ ಬಂತು.

ಮನೆಯೊಳಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಹೊಲದ ಮೇಲುಗಡೆ ಒಂದು ಹಾಸುಬಂಡೆ ಇದೆ, ಅಲ್ಲಿ ಕೂತರೆ ಸಿಗುತ್ತಿತ್ತು. ನಾನು ಪುಸ್ತಕ, ನೀರಿನ ಬಾಟ್ಲಿ, ಅವ್ವನ ಹಳೆಯ ಛತ್ರಿ ಹಿಡಿದು ಬಂಡೆ ಹತ್ತುತ್ತಿದ್ದೆ. ಅಪ್ಪ ಕೆಳಗೆ ಕುರಿ ಬಿಟ್ಟುಕೊಂಡು ಕೂತಿರುತ್ತಿದ್ದರು. ಲೆಕ್ಕದ ಸರ್ ಪಾಠ ಶುರು ಮಾಡಿದರೆಂದರೆ ಮೊದಲ ಕೆಲಸ ನಮ್ಮನ್ನು ಅನುಮಾನಿಸುವುದು. ಹುಡುಗರು ಫೋನು ಹಚ್ಚಿಟ್ಟು ಆಟಕ್ಕೆ ಹೋಗುತ್ತಾರೆ ಅಂತ ಅವರಿಗೆ ಯಾರೋ ಹೇಳಿದ್ದರು. ಅದು ಸುಳ್ಳೂ ಅಲ್ಲ. ನಡುನಡುವೆ ಒಬ್ಬೊಬ್ಬರ ಹೆಸರು ಹಿಡಿದು ಕೂಗುತ್ತಿದ್ದರು.

ಒಂದು ದಿನ ನನ್ನ ಹೆಸರು ಬಂತು. ನಾನು ಮೈಕು ಬಿಚ್ಚುವುದಕ್ಕೂ ಟಗರೊಂದು ಪಕ್ಕದಲ್ಲೇ ಅರಚುವುದಕ್ಕೂ ಸರಿಹೋಯಿತು.

"ಕ್ಲಾಸಲ್ಲಿದ್ದೀಯೋ, ಸಂತೇಲಿದ್ದೀಯೋ?" ಅಂದರು.

"ಹೊಲದಲ್ಲಿದ್ದೀನಿ ಸರ್."

"ಹಂಗಾದ್ರೆ ಈಗ ನಾನು ಹೇಳಿದ್ದೇನು, ಹೇಳು ನೋಡೋಣ."

ಹೇಳಿದೆ. ಅವರು "ಪುಸ್ತಕ ನೋಡ್ಕೊಂಡು ಹೇಳ್ತಿದ್ದೀಯ" ಅಂದರು. ಪುಸ್ತಕ ಮಡಿಲಲ್ಲಿ ಮುಚ್ಚಿಕೊಂಡೇ ಇತ್ತು. ಅದನ್ನು ಅವರಿಗೆ ತೋರಿಸುವುದು ಹೇಗೆ? ಕ್ಲಾಸಿನಲ್ಲಾದರೆ ಕೈಯೆತ್ತಿ ತೋರಿಸಬಹುದಿತ್ತು.

ಊರಲ್ಲಿ ಹುಟ್ಟಿದ ಅನುಮಾನ ಬೇರೆ ಥರದ್ದು. ನಮ್ಮ ದೊಡ್ಡಮ್ಮ ಹುಲ್ಲಿಗೆ ಹೋದಾಗ ನಾನು ಬಂಡೆ ಮೇಲೆ ಫೋನು ಹಿಡಿದು ನಗುತ್ತಿದ್ದದ್ದನ್ನು ಕಂಡರಂತೆ. ಕೆಮಿಸ್ಟ್ರಿ ಮೇಡಂ ಮನೆಯ ಕುಕ್ಕರು ಪಾಠದ ಮಧ್ಯೆ ಕೂಗಿ ಎಲ್ಲರೂ ನಕ್ಕಿದ್ದೆವು. ದೊಡ್ಡಮ್ಮ ಅಜ್ಜಿಯ ಕಿವಿಗೆ ಹಾಕಿದರು. ಮಾರನೇ ದಿನ ಅಜ್ಜಿ ದೊಣ್ಣೆ ಊರಿಕೊಂಡು ಬಂಡೆವರೆಗೂ ಬಂದು ನನ್ನ ಬೆನ್ನಿಗೆ ಕೂತರು. ಪಾಠ ಮುಗಿಯುವವರೆಗೂ ಅಲುಗಾಡಲಿಲ್ಲ. ಆಮೇಲೆ ಕೆಳಗಿಳಿದು ಅಪ್ಪನ ಹತ್ತಿರ ಹೋಗಿ ಹೇಳಿದರು:

"ಯಾವನೋ ಒಬ್ಬ ಗಂಡಸು ಮಾತಾಡ್ತಾವ್ನೆ ಕಣ್ಲಾ. ನಿನ್ ಮಗ್ಳು ಹ್ಞೂಂ ಹ್ಞೂಂ ಅಂತಾಳೆ, ಅಷ್ಟೆಯ."

"ಅದು ಪಾಠ ಕಣವ್ವ."

"ಪಾಠ ಯೋಳೋನು ಮೊಖ ಯಾಕ್ಲಾ ತೋರ್ಸಾಕಿಲ್ಲ?"

ಅಪ್ಪ ನನ್ನನ್ನು ಕೂಗಿ ಕರೆದರು. ಸರ್ ಮುಖ ತೋರಿಸಿದರೆ ನೆಟ್ಟು ಬೇಗ ಖಾಲಿಯಾಗುತ್ತದೆ ಅಂತ ನಾನು ಬಿಡಿಸಿ ಹೇಳಿದೆ. ಅಜ್ಜಿ ಕೇಳಿಸಿಕೊಂಡರು, ಒಪ್ಪಲಿಲ್ಲ. ಅಂದಿನಿಂದ ನಾನು ಬಂಡೆ ಹತ್ತಿದಾಗೆಲ್ಲ ಮನೆಯವರು ಯಾರಾದರೊಬ್ಬರು ಏನಾದರೊಂದು ಕೆಲಸ ಹುಡುಕಿಕೊಂಡು ಆ ಕಡೆಗೆ ಬರುವುದು ರೂಢಿಯಾಯಿತು. ಅವ್ವ ಸೌದೆ ಆಯಲು ಬರುತ್ತಿದ್ದಳು. ಆ ಬಂಡೆಯ ಸುತ್ತ ಸೌದೆಯೇ ಇರಲಿಲ್ಲ.

ಆ ವರ್ಷ ಕಾಲೇಜು ಒಮ್ಮೆ ತೆರೆಯಿತು, ಮತ್ತೆ ಮುಚ್ಚಿತು. ಪರೀಕ್ಷೆ ಮುಂದಕ್ಕೆ ಹೋಯಿತು, ಕೊನೆಗೆ ಇಲ್ಲವೇ ಇಲ್ಲ ಅಂತಾಯಿತು. ಹತ್ತನೇ ಕ್ಲಾಸಿನದು, ಮೊದಲ ಪಿಯುಸಿಯದು, ಕಾಲೇಜಿನವರು ಕೊಟ್ಟದ್ದು, ಎಲ್ಲ ಸೇರಿಸಿ ಲೆಕ್ಕ ಹಾಕಿ ಅಂಕ ಕೊಟ್ಟರು. ನನಗೆ ಒಳ್ಳೆಯ ಅಂಕವೇ ಬಂತು. ಲೆಕ್ಕದಲ್ಲಂತೂ ನಾನು ಬರೆದಿದ್ದರೂ ಬರುತ್ತಿತ್ತೋ ಇಲ್ಲವೋ ಅನ್ನುವಷ್ಟು. ಅಪ್ಪ ಡೇರಿ ಹತ್ತಿರ ಸಿಹಿ ಹಂಚಿದರು. ಹಾಲು ಅಳೆಯುವವನು ಸಿಹಿ ಬಾಯಿಗೆ ಹಾಕಿಕೊಂಡು, "ಈ ಸಲ ನಮ್ ಎಮ್ಮೆನೂ ಕಾಲೇಜಿಗೆ ಸೇರ್ಸಿದ್ರೆ ಪಾಸಾಗೋದು ಬುಡಣ್ಣ" ಅಂದನಂತೆ. ಅಲ್ಲಿದ್ದವರೆಲ್ಲ ನಕ್ಕರು, ಅಪ್ಪನೂ ನಕ್ಕರು. ಮನೆಗೆ ಬಂದು ನನಗೆ ಅದನ್ನು ತಮಾಷೆಯಾಗಿ ಹೇಳುವಾಗ ಅವರ ಮುಖ ತಮಾಷೆಯಾಗಿರಲಿಲ್ಲ.

ಪಾಠಕ್ಕೆ ಬಾರದವರಿಗೂ ನನ್ನಷ್ಟೇ ಅಂಕ ಬಂದಿತ್ತು. ಅದಕ್ಕಿಂತ ನನ್ನನ್ನು ಕೊರೆದದ್ದು ಬೇರೆ. ಬಂಡೆ ಮೇಲೆ ಕೂತು ಕಲಿತದ್ದು ನಿಜವಾಗಿ ತಲೆಯೊಳಗೆ ಹೋಗಿದೆಯೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಸರ್ ನನ್ನನ್ನು ಅನುಮಾನಿಸಿದರು, ಅಜ್ಜಿ ಸರ್ ಅವರನ್ನು ಅನುಮಾನಿಸಿದರು, ಈಗ ನಾನು ನನ್ನನ್ನೇ ಅನುಮಾನಿಸತೊಡಗಿದೆ.

ಅಂಕ ಸಾಲದು ಅನ್ನುವವರು ಬೇಕಾದರೆ ಪರೀಕ್ಷೆ ಬರೆಯಬಹುದು ಅಂತ ಸುದ್ದಿ ಬಂತು. ನಾನು ಕಾಲೇಜಿಗೆ ಹೋಗಿ ಬರೆಯುತ್ತೇನೆ ಅಂದೆ. ಅದೇ ಲೆಕ್ಕದ ಸರ್ ಇದ್ದರು. ಮಾಸ್ಕಿನ ಮೇಲಿನಿಂದ ನನ್ನನ್ನೇ ನೋಡಿದರು.

"ನಿನಗೆ ಕಡಿಮೆ ಬಂದಿಲ್ಲವಲ್ಲ."

"ಇಲ್ಲ ಸರ್."

"ಬರೆದರೆ ಬರೆದಷ್ಟೇ ನಿನ್ನದು. ಈಗಿರೋದು ಹೋಗುತ್ತೆ. ಯಾರಮ್ಮ ನಿನಗೆ ಹೀಗೆ ಹೇಳಿಕೊಟ್ಟೋರು?"

ಯಾರೂ ಹೇಳಿಕೊಟ್ಟಿಲ್ಲ ಅಂದೆ. ಅವರು ತಲೆಯಾಡಿಸಿ ಹೆಸರು ಬರೆದುಕೊಂಡರು.

ಮನೆಯಲ್ಲಿ ದೊಡ್ಡ ರಂಪವೇ ಆಯಿತು. ಪಾಸಾದವಳು ಪರೀಕ್ಷೆಗೆ ಹೋಗುತ್ತಾಳೆಂದರೆ ಅದರ ಹಿಂದೆ ಏನೋ ಇರಲೇಬೇಕು ಅನ್ನುವುದು ಅಜ್ಜಿಯ ಮಾತು. ದೊಡ್ಡಮ್ಮ ಬಂದು ಹೊಸಿಲ ಮೇಲೆ ಕೂತು, "ಆ ಫೋನ್ನಾಗೆ ಮಾತಾಡ್ತಿದ್ದೋನು ನಾಗಮಂಗ್ಲದೋನೇ ಇರ್ಬೇಕು" ಅಂದರು. ಅವ್ವ ನನ್ನ ಮುಖವನ್ನು ಹುಡುಕಿ ಹುಡುಕಿ ನೋಡಿದಳು, ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಅಪ್ಪ ಕೊನೆಗೆ, "ಬರೀತೀನಿ ಅಂದ್ರೆ ಬರೀಲಿ. ಅಣ್ಣ ಜೊತೇಲಿ ಓಗ್ತಾನೆ" ಅಂದರು. ನನ್ನ ಮೇಲಿನ ನಂಬಿಕೆಯೂ ಅನುಮಾನವೂ ಆ ಒಂದೇ ಮಾತಿನಲ್ಲಿದ್ದವು.

ಪರೀಕ್ಷೆಯ ಕೊಠಡಿ ದೊಡ್ಡದು. ಅಲ್ಲೊಬ್ಬರು ಇಲ್ಲೊಬ್ಬರು ಕೂತಿದ್ದೆವು. ಬಹಳ ಜನ ಕಾಲೇಜಿಗೆ ಹೋಗದೆ ಖಾಸಗಿಯಾಗಿ ಕಟ್ಟಿದವರು, ಕೆಲವರು ಹಿಂದಿನ ವರ್ಷಗಳಲ್ಲಿ ಫೇಲಾಗಿ ಮತ್ತೆ ಕಟ್ಟಿದವರು. ಉತ್ತರ ಪತ್ರಿಕೆ ಕೊಡಲು ಬಂದ ಮೇಡಂ ನನ್ನ ಕೈಗೆ ಸ್ಯಾನಿಟೈಸರ್ ಹಾಕುತ್ತಾ, "ನೀನು ಎಷ್ಟನೇ ಸಲನಮ್ಮ?" ಅಂತ ಮೆಲ್ಲಗೆ, ಕನಿಕರದಿಂದಲೇ ಕೇಳಿದರು. ಮೊದಲನೇ ಸಲ ಅಂದೆ. ಅವರು ಆ ಕನಿಕರವನ್ನು ಅಲ್ಲಿಗೇ ನಿಲ್ಲಿಸಿದರು. ಆಮೇಲೆ ಪರೀಕ್ಷೆ ಮುಗಿಯುವವರೆಗೂ ನನ್ನ ಮೇಜಿನ ಸುತ್ತಲೇ ಓಡಾಡಿದರು. ಪಾಸಾದವಳು ಬಂದಿದ್ದಾಳೆ, ಬೇರೆ ಯಾರಿಗೋ ಉತ್ತರ ಹೇಳಿಕೊಡುವುದಕ್ಕೇ ಇರಬೇಕು ಅಂತ ಅಂದುಕೊಂಡರೇನೋ.

ಲೆಕ್ಕದ ಪತ್ರಿಕೆಯಲ್ಲಿ ಕೆಲವು ಸಲೀಸಾಗಿ ಬಂದವು. ಕೆಲವು ಅರ್ಧದಲ್ಲಿ ಕೈಕೊಟ್ಟವು. ನೆಟ್ಟು ಹೋದ ದಿನಗಳ ಪಾಠ ಯಾವುದು ಅಂತ ಪತ್ರಿಕೆ ನೋಡಿಯೇ ಗೊತ್ತಾಗುತ್ತಿತ್ತು. ಆದರೂ ಕೂತು ಬರೆಯುವಾಗ ಒಂಥರಾ ಸಮಾಧಾನ. ಬರುತ್ತದೆ ಅಂದದ್ದು ಬಂತು, ಬರುವುದಿಲ್ಲ ಅಂದದ್ದು ಬರಲಿಲ್ಲ.

ಅಣ್ಣ ಪ್ರತಿ ಪತ್ರಿಕೆಗೂ ಗೇಟಿನ ಎದುರಿನ ಮರದಡಿ ಆಟೊದಲ್ಲೇ ಕೂತಿರುತ್ತಿದ್ದ. ಕೊನೆಯ ದಿನ ನಾನು ಹೊರಗೆ ಬಂದಾಗ ಪ್ರಶ್ನೆ ಪತ್ರಿಕೆ ಕೊಡು ಅಂದ. ಹತ್ತನೇ ಕ್ಲಾಸಿಗೆ ಬಿಟ್ಟವನು ಅವನು. ತಿರುವಿ ತಿರುವಿ ನೋಡಿದ. ಅಂಚಿನಲ್ಲಿ ನಾನು ಮಾಡಿದ ಗೀಚುಗಳನ್ನು ಬೆರಳಿಟ್ಟು ನೋಡಿದ.

"ಇದ್ನೆಲ್ಲಾ ನೀನೇ ಬರ್ದ್ಯಾ?"

"ಇನ್ಯಾರು ಬರೀತಾರಣ್ಣ?"

ಆಟೊ ಸ್ಟಾರ್ಟ್ ಮಾಡಿದ. ಬಸ್ ಸ್ಟ್ಯಾಂಡ್ ದಾಟಿ ಒಂದು ಕಬ್ಬಿನ ಹಾಲಿನ ಅಂಗಡಿ ಮುಂದೆ ನಿಲ್ಲಿಸಿದ. ಲೋಟ ಕೈಗೆ ಕೊಟ್ಟಮೇಲೆ ಹೇಳಿದ:

"ನಿನ್ನ ಕಾಯಾಕೆ ಅಂತ ನನ್ನ ಕಳ್ಸಿದ್ದು ಅಜ್ಜಿ ಕಣೆ. ನೀನು ಒಳಗೋಗಿ ಹಿಂದ್ಗಡೆ ಬಾಗ್ಲಲ್ಲಿ ಓಡೋಯ್ತೀಯ ಅಂತ."

"ನೀನೂ ಅಂಗೇ ಅಂದ್ಕೊಂಡಿದ್ಯಾ?"

"ಮೊದಲ್ನೇ ದಿನ ಹಿಂದ್ಗಡೆ ಬಾಗ್ಲು ಎಲ್ಲೈತೆ ಅಂತ ನೋಡ್ಕಂಡ್ ಬಂದೆ. ಆಮೇಲ್ ಬುಟ್ಬುಟ್ಟೆ."

ಕೋಪ ಬರಬೇಕಿತ್ತು. ಬರಲಿಲ್ಲ. ತನಗೂ ಅನುಮಾನವಿತ್ತು ಅಂತ ನನ್ನ ಎದುರಿಗೆ ಒಪ್ಪಿಕೊಂಡ ಮೊದಲನೆಯವನು ಅವನೇ.

ಫಲಿತಾಂಶದಲ್ಲಿ ಎಲ್ಲ ವಿಷಯದಲ್ಲೂ ಪಾಸು. ಆದರೆ ಲೆಕ್ಕದಲ್ಲಿ ಪುಕ್ಕಟೆ ಸಿಕ್ಕಿದ್ದಕ್ಕಿಂತ ಕಡಿಮೆ, ಸಾಕಷ್ಟು ಕಡಿಮೆ. ಅಪ್ಪ ಅರ್ಥವಾಗದೆ ನೋಡಿದರು. "ಅವ್ರೇ ಜಾಸ್ತಿ ಕೊಟ್ಟಿದ್ರಲ್ಲವ್ವ. ಸುಮ್ಕೆ ಯಾಕ್ ಕಳ್ಕಂಡೆ?" ಅಂದರು. ಇದು ನನ್ನದು, ಅದು ನನ್ನದಲ್ಲ ಅಂತ ಹೇಳಲು ಹೋದೆ. ನನ್ನ ಕಿವಿಗೇ ದೊಡ್ಡಸ್ತಿಕೆಯ ಮಾತಾಗಿ ಕೇಳಿಸಿ ಅರ್ಧಕ್ಕೇ ಬಿಟ್ಟೆ. ಅಜ್ಜಿ ಮಾತ್ರ, "ಈಗ ಸರಿ. ಬರ್ದೋರ್ಗೆ ಕಮ್ಮಿ ಬತ್ತದೆ" ಅಂದು ಎಲೆ ಅಡಿಕೆ ಚೀಲ ಬಿಚ್ಚಿದರು. ಅವರು ಹೊಗಳಿದರೋ ತೆಗಳಿದರೋ ಇವತ್ತಿಗೂ ತಿಳಿದಿಲ್ಲ.

ಪಾಂಡವಪುರದಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಬಿಎಸ್ಸಿ ಮಾಡಿದೆ. ಆ ವರ್ಷಗಳಲ್ಲಿ ಯಾರಾದರೂ ಯಾವ ವರ್ಷದ ಪಿಯುಸಿ ಅಂತ ಕೇಳಿ, ನಾನು ಹೇಳಿ, ಎದುರಿನವರ ತುಟಿ ಸಣ್ಣಗೆ ಅಲುಗುವುದು ನನಗೆ ಅಭ್ಯಾಸವಾಯಿತು. "ಓ, ಕೊರೊನಾ ಬ್ಯಾಚು" ಅನ್ನುತ್ತಿದ್ದರು. ಬರೆದು ಪಾಸಾದವಳು ಅಂದರೆ ಇನ್ನೂ ಹೆಚ್ಚು ಅಲುಗುತ್ತಿತ್ತು.

ಡಿಗ್ರಿ ಮುಗಿದ ವರ್ಷ ಕೆ.ಆರ್. ಪೇಟೆ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗನ ಸೋದರಮಾವ ನಿವೃತ್ತ ಹೆಡ್ಮಾಸ್ಟರು. ಉಪ್ಪಿಟ್ಟು ತಿಂದು, ಕಾಫಿ ಕುಡಿದು, ನನ್ನನ್ನು ಎದುರಿಗೆ ಕೂರಿಸಿಕೊಂಡು ಓದಿನ ವಿಚಾರ ಕೇಳಿದರು. ವರ್ಷ ಕೇಳುತ್ತಲೇ ನಕ್ಕರು.

"ನಿಮ್ಮ ಬ್ಯಾಚಿನೋರು ಪುಣ್ಯವಂತರು. ಹೋಗ್ಲಿ ಬಿಡಮ್ಮ, ಅದು ನಿನ್ ತಪ್ಪಲ್ಲ."

"ನಾನು ಬರೆದಿದ್ದೀನಿ ಸರ್."

"ಆ ವರ್ಷ ಬರೆದೋರು ಯಾರೂ ಇಲ್ಲಮ್ಮ. ನಾನು ಅದೇ ಇಲಾಖೇಲಿ ಇದ್ದೋನು."

ಬಾಗಿಲಲ್ಲಿ ನಿಂತಿದ್ದ ಅಣ್ಣ, "ಬರ್ದವ್ಳೆ ಸಾ. ನಾನೇ ಕಾದಿದ್ದು" ಅಂದ. ಅವರು ಅಣ್ಣನತ್ತ ತಿರುಗಿ, ತಂಗಿಯ ಪರ ಅಣ್ಣ ಇಷ್ಟು ಹೇಳುವುದು ಸಹಜ ಅನ್ನುವ ಹಾಗೆ ಮುಗುಳ್ನಕ್ಕರು. ಆಮೇಲೆ ಒಂದು ಲೆಕ್ಕ ಕೇಳಿದರು. ನಾನು ಉತ್ತರ ಹೇಳಲಿಲ್ಲ. ಬರುತ್ತಿತ್ತು. ಹೇಳಬೇಕು ಅನಿಸಲಿಲ್ಲ. ಜಾತಕ ಕೂಡಲಿಲ್ಲ ಅಂತ ಆಮೇಲೆ ಹೇಳಿ ಕಳಿಸಿದರು. ಅವ್ವ ಬಹಳ ದಿನ ಮಾತು ಬಿಟ್ಟಳು. ಕಾಯಿಸಿದ ಹಾಲನ್ನು ಮಾತ್ರ ದಿನವೂ ನನ್ನ ಪಕ್ಕದಲ್ಲಿ ತಂದಿಡುತ್ತಿದ್ದಳು.

ಪಾಂಡವಪುರದ ಒಂದು ಖಾಸಗಿ ಶಾಲೆಗೆ ಲೆಕ್ಕದ ಟೀಚರಾಗಿ ಸೇರಿದೆ. ಸೇರುವ ದಿನವೂ ಅದೇ ಪ್ರಶ್ನೆ ಬಂತು. ಅಲ್ಲಿನ ಹೆಡ್ಮಿಸ್ ನನ್ನ ಸರ್ಟಿಫಿಕೇಟಿನ ಮೇಲೆ ಬೆರಳಿಟ್ಟು, "ಇದನ್ನ ಪೇರೆಂಟ್ಸ್ ಹತ್ರ ಹೇಳೋಕೆ ಹೋಗ್ಬೇಡಿ" ಅಂದರು. ಹೇಳಲಿಲ್ಲ. ಹೇಳದೆಯೂ ಎಲ್ಲರಿಗೂ ಗೊತ್ತಾಯಿತು.

ನನಗೆ ಎಂಟನೇ ಕ್ಲಾಸು ಕೊಟ್ಟರು. ಆ ಮಕ್ಕಳು ಲಾಕ್‌ಡೌನಿನಲ್ಲಿ ಮೂರನೇ, ನಾಲ್ಕನೇ ಕ್ಲಾಸಿನಲ್ಲಿ ಮಗ್ಗಿ ಕಲಿಯುತ್ತಿದ್ದವರು. ಅವರ ವಿಚಿತ್ರಗಳು ಮೊದಲ ವಾರದಲ್ಲೇ ಕಂಡವು. ಬೋರ್ಡಿನ ಮೇಲೆ ಬರೆದರೆ ಪುಸ್ತಕಕ್ಕೆ ಇಳಿಸುವ ಬದಲು ನನ್ನ ಮುಖ ನೋಡುತ್ತಾರೆ. ಉತ್ತರ ಹೇಳುವಾಗ ಅರ್ಧ ಹೇಳಿ ನಿಲ್ಲಿಸುತ್ತಾರೆ. ನನ್ನ ಹುಬ್ಬು ಏನು ಹೇಳುತ್ತದೆ ನೋಡಿಕೊಂಡು ಉಳಿದರ್ಧ ಹೇಳುತ್ತಾರೆ. ಗೊತ್ತಿಲ್ಲ ಅನ್ನುವವರು ಒಬ್ಬರೂ ಇಲ್ಲ. ಕೂಡುವಾಗ ಮೇಜಿನ ಕೆಳಗೆ ಬೆರಳು ಎಣಿಸುತ್ತಾರೆ. ಹೋಂವರ್ಕ್ ಮಾತ್ರ ಒಂದೂ ತಪ್ಪಿರುವುದಿಲ್ಲ.

ಅದರಲ್ಲೂ ಒಬ್ಬಳು ಹುಡುಗಿ. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುವವರ ಮಗಳು. ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದಳು. ಪ್ರತಿ ಹೆಜ್ಜೆಯ ಪಕ್ಕದಲ್ಲೂ ಅದು ಯಾಕೆ ಅನ್ನುವುದಕ್ಕೆ ಒಂದು ವಾಕ್ಯ. ಆ ವಾಕ್ಯಗಳು ಎಂಟನೇ ಕ್ಲಾಸಿನ ಹುಡುಗಿಯವು ಅನಿಸಲಿಲ್ಲ. ಈಗ ಫೋನಿಗೆ ಲೆಕ್ಕದ ಫೋಟೊ ತೋರಿಸಿದರೆ ಅದೇ ಬಿಡಿಸಿಕೊಡುತ್ತದೆ, ಬಾಯಿಬಿಟ್ಟು ಕೇಳಿದರೆ ವಿವರಿಸಿಯೂ ಹೇಳುತ್ತದೆ. ಅವಳನ್ನು ಬೋರ್ಡಿಗೆ ಕರೆದು ಹೋಂವರ್ಕಿನದೇ ಒಂದು ಲೆಕ್ಕ ಕೊಟ್ಟೆ. ಚಾಕ್‌ಪೀಸ್ ಹಿಡಿದು ನಿಂತಳು. ಒಂದು ಸಾಲು ಬರೆದಳು, ಅಳಿಸಿದಳು. ನನ್ನ ಮುಖ ನೋಡಿದಳು. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಅವಳು ಅಲ್ಲೇ ಅಳಲು ಶುರು ಮಾಡಿದಳು.

ಮಾರನೇ ದಿನ ಅವಳ ಅಪ್ಪ ಹೆಡ್ಮಿಸ್ ರೂಮಿಗೆ ಬಂದರು. ಶಿಫ್ಟು ಮುಗಿಸಿ ನೇರ ಬಂದಿದ್ದರು, ಬಟ್ಟೆಗೆ ಬೆಲ್ಲದಂಥ ವಾಸನೆ ಅಂಟಿತ್ತು.

"ನನ್ ಮಗ್ಳು ಕದ್ ಬರೀತಾಳೆ ಅಂತ ಅಂದ್ರಂತೆ."

"ಅಂದಿಲ್ಲ. ಬೋರ್ಡಲ್ಲಿ ಮಾಡು ಅಂದೆ."

"ಅಂಗಂದ್ರೂ ಅದೇ ಅಲ್ವಾ ಮೇಡಂ." ಕುರ್ಚಿಯ ಅಂಚಿಗೆ ಸರಿದು ಹೇಳಿದರು. "ನೀವೂ ಬರೀದೆ ಪಾಸಾದೋರೇ ಅಂತೆ. ನೀವು ನಮ್ ಮಗೀನ ಕೇಳ್ತೀರಾ?"

ಹೆಡ್ಮಿಸ್ ನನ್ನ ಕಡೆ ನೋಡಿದರು. ನಾನು ಪರೀಕ್ಷೆ ಬರೆದಿದ್ದೇನೆ ಅಂತ ಹೇಳಲು ಬಾಯಿ ತೆರೆದೆ. ಈ ಮನುಷ್ಯರೂ ನಂಬುವುದಿಲ್ಲ ಅಂತ ಗೊತ್ತಿತ್ತು. ಹೇಳದೆ, ಹುಡುಗಿಯನ್ನು ಕರೆಸಿ ಅಂದೆ.

ಅವಳು ಬಂದು ಅಪ್ಪನ ಹಿಂದೆ ನಿಂತಳು. ಹೋಂವರ್ಕ್ ಹೇಗೆ ಮಾಡ್ತೀಯ, ಬೈಯಲ್ಲ, ಹೇಳು ಅಂದೆ. ಅಪ್ಪನ ಬೆನ್ನ ಹಿಂದಿನಿಂದಲೇ ಹೇಳಿದಳು.

"ಫೋನ್ ಕೇಳ್ತೀನಿ ಮಿಸ್. ಅದು ಹೇಳುತ್ತೆ. ಅರ್ಥ ಆಗದಿದ್ರೆ ಇನ್ನೊಂದ್ಸಲ ಹೇಳು ಅಂತೀನಿ. ಅರ್ಥ ಆಗೋವರ್ಗೂ ಕೇಳ್ತೀನಿ. ಆಮೇಲೆ ಫೋನ್ ಮುಚ್ಚಿಟ್ಟು ನಾನೇ ಬರೀತೀನಿ."

"ನನ್ನನ್ನು ಯಾಕೆ ಕೇಳಲ್ಲ?"

"ನಿಮ್ಮನ್ನ ಎರಡ್ಸಲ ಕೇಳಿದ್ರೆ ಮುಖ ಬೇರೆ ಥರ ಆಗುತ್ತೆ ಮಿಸ್. ಫೋನಿಗೆ ಮುಖ ಇಲ್ವಲ್ಲ."

ಅವಳ ಅಪ್ಪ ಗೋಡೆ ನೋಡಿದರು. ಹೆಡ್ಮಿಸ್ ನೀರು ಕುಡಿದರು.

ಒಂದು ಖಾಲಿ ಹಾಳೆ ಕೊಟ್ಟು, ಪುಸ್ತಕದಲ್ಲಿಲ್ಲದ ಒಂದು ಲೆಕ್ಕ ಬರೆದುಕೊಟ್ಟು, ನಾವು ಮೂವರೂ ಹೊರಗೆ ನಿಲ್ತೀವಿ, ಮಾಡಿಟ್ಟು ಬಾ ಅಂದೆ. ಹೊರಗೆ ನಿಂತಾಗ ಅವಳ ಅಪ್ಪ ಮೆಲ್ಲಗೆ, "ಫೋನ್ನ ನನ್ನತ್ರ ಕೊಟ್ಬುಟ್ಟವ್ಳೆ ಮೇಡಂ" ಅಂತ ಜೇಬು ಮುಟ್ಟಿ ತೋರಿಸಿದರು. ಅವರಿಗೂ ಒಳಗೊಳಗೆ ಒಂದು ಅನುಮಾನ ಇದ್ದದ್ದು ಆಗ ತಿಳಿಯಿತು. ಹುಡುಗಿ ಮುಕ್ಕಾಲು ಭಾಗ ಸರಿಯಾಗಿ ಮಾಡಿದ್ದಳು. ಕೊನೆಯಲ್ಲಿ ಒಂದು ಕಡೆ ದಾರಿ ತಪ್ಪಿತ್ತು. ಪಕ್ಕದಲ್ಲಿ ಅದೇ ಥರದ ವಾಕ್ಯಗಳು, ಆದರೆ ಈ ಸಲ ಕಾಗುಣಿತ ತಪ್ಪು. ಅವಳು ಹೇಳಿದ್ದು ನಿಜ ಅನಿಸಿತು. ಪೂರ್ತಿ ನಿಜವೋ ಅಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಆ ವಾಕ್ಯಗಳನ್ನು ಅವಳು ಅರ್ಥ ಮಾಡಿಕೊಂಡು ಬರೆದಳೋ, ಕೇಳಿ ಕೇಳಿ ಬಾಯಿಪಾಠವಾಗಿ ಬರೆದಳೋ ಹೇಳುವುದು ಕಷ್ಟ. ಆ ಎರಡರ ನಡುವಿನ ಗೆರೆ ನನ್ನ ಓದಿನಲ್ಲೂ ಎಲ್ಲಿತ್ತು ಅಂತ ಯಾರಾದರೂ ಕೇಳಿದರೆ ನಾನೂ ತಡವರಿಸುತ್ತೇನೆ.

ಆಮೇಲೆ ಕ್ಲಾಸಿನಲ್ಲಿ ಒಂದು ಬದಲಾವಣೆ ಮಾಡಿದೆ. ಪಾಠವನ್ನು ಫೋನಿನಲ್ಲೋ ಪುಸ್ತಕದಲ್ಲೋ ಮನೆಯಲ್ಲೇ ನೋಡಿಕೊಂಡು ಬನ್ನಿ, ಲೆಕ್ಕವನ್ನು ಇಲ್ಲಿ ನನ್ನ ಎದುರಿಗೆ ಮಾಡಿ ಅಂದೆ. ಎರಡನೇ ಸಲ, ಮೂರನೇ ಸಲ ಕೇಳಿದರೂ ಹೇಳುತ್ತೇನೆ ಅಂದೆ. ಮುಖದ ವಿಚಾರಕ್ಕೆ ಮಾತ್ರ ಮಾತು ಕೊಡಲಿಲ್ಲ. ಹೋಂವರ್ಕೇ ಕೊಡುವುದಿಲ್ಲವಂತೆ, ದುಡಿಯುವುದು ತಪ್ಪಲಿ ಅಂತ ಈ ಟೀಚರು ಹೂಡಿದ ಉಪಾಯ ಅಂತ ಒಂದಿಬ್ಬರು ತಂದೆತಾಯಿ ಹೆಡ್ಮಿಸ್ ಹತ್ತಿರ ದೂರು ಹೇಳಿದರು. ಹೆಡ್ಮಿಸ್ ದಿನಕ್ಕೊಂದು ಸಲ ನನ್ನ ಕ್ಲಾಸಿನ ಕಿಟಕಿಯಲ್ಲಿ ಇಣುಕಿ ಹೋಗತೊಡಗಿದರು. ಆ ಹುಡುಗಿ ಈಗ ಒಂಬತ್ತನೇ ಕ್ಲಾಸಿನಲ್ಲಿದ್ದಾಳೆ. ಅಂಕ ಮೊದಲಿನಷ್ಟು ಬರುವುದಿಲ್ಲ, ಕೈಯೆತ್ತುವುದು ಜಾಸ್ತಿಯಾಗಿದೆ. ಅವಳ ಅಪ್ಪ ಸಂತೆಯಲ್ಲಿ ಸಿಕ್ಕರೆ ನಮಸ್ಕಾರ ಮಾಡುತ್ತಾರೆ, ನಿಂತು ಮಾತಾಡುವುದಿಲ್ಲ.

ಹೋದ ಮಳೆಗಾಲದಲ್ಲಿ ಜೋರು ಮಳೆ ಅಂತ ಮಧ್ಯಾಹ್ನವೇ ಶಾಲೆಗೆ ರಜೆ ಕೊಟ್ಟರು. ನಾಳೆಯೂ ಇಲ್ಲ, ಆಮೇಲೆ ತಿಳಿಸುತ್ತೇವೆ ಅಂದರು. ಮಕ್ಕಳನ್ನು ಕಳಿಸಿ ನಾನು ಕೊಠಡಿಗಳಿಗೆ ಬೀಗ ಹಾಕಲು ಒಂದೊಂದಾಗಿ ನೋಡುತ್ತಾ ಹೋದೆ. ಒಂದನೇ, ಎರಡನೇ ಕ್ಲಾಸಿನ ಮಕ್ಕಳು ನೀರಿನ ಬಾಟ್ಲಿ, ಕ್ರೇಯಾನು, ಒಂದು ಸ್ವೆಟರು, ಯಾರದೋ ಒಂಟಿ ಸಾಕ್ಸು, ಎಲ್ಲ ಇದ್ದಲ್ಲೇ ಬಿಟ್ಟು ಓಡಿದ್ದರು. ದೊಡ್ಡವರ ಕ್ಲಾಸಿಗೆ ಬಂದೆ. ಮೇಜುಗಳೆಲ್ಲ ಖಾಲಿ. ಪುಸ್ತಕ, ಜಾಮಿಟ್ರಿ ಬಾಕ್ಸು, ಅರ್ಧ ಮುಗಿದ ಚಾರ್ಟು, ಯಾರೋ ಗೋಡೆಗೆ ಅಂಟಿಸಿದ್ದ ಟೈಮ್‌ಟೇಬಲ್ಲನ್ನೂ ಕಿತ್ತು ಒಯ್ದಿದ್ದರು. ಹೊರಗೆ ಗೇಟಿನ ಹತ್ತಿರ ಒಬ್ಬ ಹುಡುಗ ತುಂಬಿದ ಬ್ಯಾಗನ್ನು ಎದೆಗೆ ಕಟ್ಟಿಕೊಂಡು ವ್ಯಾನಿಗೆ ಕಾಯುತ್ತಿದ್ದ. "ನಾಡಿದ್ದು ಬರ್ತೀರಲ್ಲೋ, ಇಷ್ಟೆಲ್ಲ ಯಾಕೆ ಹೊತ್ಕೊಂಡು ಹೋಗ್ತೀರ?" ಅಂದೆ.

"ಹೇಳಕ್ಕಾಗಲ್ಲ ಮಿಸ್. ಕೊರೊನಾದಲ್ಲೂ ಹಿಂಗೇ ಅಂದು ಕಳ್ಸಿದ್ರು" ಅಂದ. ವ್ಯಾನು ಬಂತು, ಹತ್ತಿ ಹೋದ.